‘ಪಿಜಿ’ ಅನ್ನೋ ಎರಡಕ್ಷರ

‘ಕೆನಡಾದಲ್ಲಿ ಪಿಜಿ ಮಾಡಿ, ಮೂರು ವರ್ಷ ವರ್ಕ್ ಪರ್ಮಿಟ್ ಗ್ಯಾರಂಟಿ.’ ಬೆಳಗ್ಗೆಯಿಂದ ಮೂರು ವಾಟ್ಸಾಪ್ ಗುಂಪಲ್ಲಿ ಇದೇ ಜಾಹೀರಾತು. (ಓದು ಮುಗಿದ ಮೇಲೆ ಅಲ್ಲೇ ದುಡಿಯೋಕೆ ಸಿಗೋ ಪರ್ಮಿಟ್ ಇದು.) ಪಿತ್ತ ನೆತ್ತಿಗೇರಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮಲ್ಲಿ ಪಿಜಿ ಅಂದ್ರೆ ಎಂಎಸ್ಸಿ, ಎಂಕಾಂ. (ಬೆಂಗಳೂರಲ್ಲಾದ್ರೆ ತಿಗಣೆ ಇರೋ ಮಂಚ ಮತ್ತು ಮೂರು ಹೊತ್ತು ಚಿತ್ರಾನ್ನ.) ಅಲ್ಲಿನ ಕಾಲೇಜು ಕೊಡೋ ‘ಪೋಸ್ಟ್‌ಗ್ರ್ಯಾಜುಯೇಟ್ ಸರ್ಟಿಫಿಕೇಟ್’ ಡಿಗ್ರಿನೇ ಅಲ್ಲ ಸ್ವಾಮಿ! ಡಿಗ್ರಿ ಮುಗಿಸಿದವರು ಸೇರಬಹುದು, ಅಷ್ಟೇ ಅದರರ್ಥ. ಯೂನಿವರ್ಸಿಟಿಯ ಮಾಸ್ಟರ್ಸ್ ಕೋರ್ಸು ಎಂಟು ತಿಂಗಳಿದ್ದರೂ ಮೂರು ವರ್ಷದ ಪರ್ಮಿಟ್‌ಗೆ ಅರ್ಹ. ಒಂದು ವರ್ಷದ ಸರ್ಟಿಫಿಕೇಟಿಗೆ ಸಿಗೋದು ಒಂದೇ ವರ್ಷ. ಅದೂ ವಿಷಯ ಸರಿಯಿದ್ದರೆ.

ಆ ವಿಷಯದ ಮಾತನ್ನೇ ಯಾರೂ ಎತ್ತಲ್ಲ. 2024ರ ನವೆಂಬರ್ 1ರಿಂದ ಈಚೆಗೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರು ಡಿಗ್ರಿಯಲ್ಲದ ಕೋರ್ಸು ಓದಿದ್ರೆ, ಆ ಕೋರ್ಸಿನ ಆರಂಕಿಯ ಸಿಐಪಿ ಕೋಡ್ (ಓದೋ ವಿಷಯ ಯಾವುದು ಅಂತ ಗುರುತಿಸೋ ಸಂಖ್ಯೆ) ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕು. ನರ್ಸಿಂಗ್, ವೆಲ್ಡಿಂಗ್ ಥರದವು ಇವೆ. ನಮ್ಮವರು ಮುಗಿಬಿದ್ದು ಸೇರೋ ಹೋಟೆಲ್ ಮ್ಯಾನೇಜ್‌ಮೆಂಟ್‌ಗೆ ಅದರಲ್ಲಿ ಜಾಗವಿಲ್ಲ. ಕಾಲೇಜು ಡಿಎಲ್‌ಐ ಪಟ್ಟಿಯಲ್ಲಿದೆ, ಅಂದ್ರೆ ವಿದೇಶಿ ವಿದ್ಯಾರ್ಥಿಗಳನ್ನ ಸೇರಿಸಿಕೊಳ್ಳೋಕೆ ಮಾನ್ಯತೆ ಇದೆ ಅಂತ ಏಜೆಂಟರು ಎದೆ ಉಬ್ಬಿಸ್ತಾರೆ. ಡಿಎಲ್‌ಐ ಅಂದ್ರೆ ಓದೋಕೆ ಪರವಾನಗಿ, ದುಡಿಯೋಕಲ್ಲ.

‘ನಮ್ಮ ಚಿಕ್ಕಪ್ಪನ ಮಗನಿಗೆ ಸಿಕ್ತಲ್ಲ?’ ಅಂತೀರಾ. ಸಿಕ್ಕಿರುತ್ತೆ, ಅವನು ಹೋಗಿದ್ದು ಹಳೇ ನಿಯಮದಲ್ಲಿ. ಅವನ ಪುಣ್ಯ ನಿಮ್ಮ ಫೈಲಿಗೆ ಅಂಟಲ್ಲ.

ಇನ್ನು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ. ಸೀಟಿಗೆ ಬರೆದದ್ದು ಅಕಾಡೆಮಿಕ್. ವರ್ಕ್ ಪರ್ಮಿಟ್‌ಗೆ ನಡೆಯೋದು ಜನರಲ್ ಟ್ರೈನಿಂಗ್, ಇಲ್ಲವೇ ಸೆಲ್ಪಿಪ್ ಜನರಲ್, ಪಿಟಿಇ ಕೋರ್ ಅನ್ನೋ ಬೇರೆ ಇಂಗ್ಲಿಷ್ ಪರೀಕ್ಷೆಗಳು. ಸಿಎಲ್‌ಬಿ ಅಂದ್ರೆ ಭಾಷೆ ಅಳೆಯೋ ಕೆನಡಾದ ಮಟ್ಟ. ಯೂನಿವರ್ಸಿಟಿಯವರಿಗೆ ಸಿಎಲ್‌ಬಿ 7, ಅಂದ್ರೆ ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗದಲ್ಲಿ ತಲಾ 6; ಕಾಲೇಜಿನ ಸರ್ಟಿಫಿಕೇಟಿನವರಿಗೆ ಸಿಎಲ್‌ಬಿ 5. ಒಟ್ಟು ಬ್ಯಾಂಡ್ 7.5 ಇದ್ದು ರೈಟಿಂಗ್ 5.5 ಆದ್ರೆ ಯೂನಿವರ್ಸಿಟಿ ಹುಡುಗ ಇನ್ನೊಂದ್ಸಲ ಬರೀಬೇಕು. ಫಲಿತಾಂಶ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು, ಅರ್ಜಿಯ ಜೊತೆಗೇ ಹಾಕಬೇಕು.

ಕೊನೇ ಸೆಮಿಸ್ಟರ್ ಬಿಟ್ಟು ಎಲ್ಲದರಲ್ಲೂ ಫುಲ್‌ಟೈಮ್ ಇರಬೇಕು. ಕಷ್ಟದ ಸಬ್ಜೆಕ್ಟ್ ಒಂದನ್ನ ನಡುವೆ ಕೈಬಿಟ್ಟು ಪಾರ್ಟ್‌ಟೈಮ್‌ಗೆ ಜಾರಿದವರಿಗೆ ಪರ್ಮಿಟ್ಟೇ ತಪ್ಪಬಹುದು. ಕೋರ್ಸ್ ಮುಗಿದಿದೆ ಅಂತ ಕಾಲೇಜು ಬರಹದಲ್ಲಿ ತಿಳಿಸಿದ ದಿನದಿಂದ ಪರ್ಮಿಟ್‌ಗೆ ಅರ್ಜಿ ಹಾಕೋಕೆ 180 ದಿನ ಗಡುವು. ಕಾನ್ವೊಕೇಶನ್ ಗೌನು ಹಾಕ್ಕೊಂಡು ಫೋಟೋ ತೆಗೆಸೋತನಕ ಕಾಯ್ತಾ ಕೂರಬೇಡಿ, ಮುಕ್ತಾಯ ಪತ್ರ, ಅಂಕಪಟ್ಟಿ ಸಾಕು. ಪಾಸ್‌ಪೋರ್ಟ್ ಮುಗಿಯೋ ದಿನಕ್ಕೇ ಪರ್ಮಿಟ್ಟನ್ನೂ ಕತ್ತರಿಸ್ತಾರೆ, ಪಾಸ್‌ಪೋರ್ಟನ್ನ ಮೊದಲೇ ನವೀಕರಿಸಿ. ಈ ಪರ್ಮಿಟ್ ಜೀವಮಾನಕ್ಕೆ ಸಿಗೋದು ಒಂದೇ ಒಂದು.

ಜಮೀನು ಅಡವಿಟ್ಟು ಫೀಸು ಕಟ್ಟೋ ಮುಂಚೆ ‘ಪಿಜಿ’ ಅಂದ ಏಜೆಂಟ್ ಹತ್ರ ಆರಂಕಿಯ ಆ ಕೋಡನ್ನ ಚೀಟಿಯಲ್ಲಿ ಬರೆದುಕೊಡಿ ಅನ್ನಿ. ಕಾಫಿ ತರಿಸ್ತಾನೆ, ಟೊರಾಂಟೋದ ಚಳಿ ಬಗ್ಗೆ ಮಾತಾಡ್ತಾನೆ. ಕಾಫಿ ಕುಡೀರಿ, ಚೀಟಿ ಕೈಗೆ ಬರೋತನಕ ಎದ್ದೇಳಬೇಡಿ.