ಓರೆ ಮಾಡಿದ್ದೆಲ್ಲ ಇಟಾಲಿಕ್ ಅಲ್ಲ

ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್, ಅಂದರೆ ಗೆರೆಯ ತುದಿಗೆ ಪುಟ್ಟ ಅಡ್ಡಗೀಟಿಲ್ಲದ ಇಂಗ್ಲಿಷ್ ಅಕ್ಷರದ ದಪ್ಪ, ಬಲಕ್ಕೆ ಬಾಗಿದ ರೂಪ, ನನಗಿಷ್ಟ. ನನ್ನ ತಕರಾರು ಇರುವುದು ಕಂಪ್ಯೂಟರಿನ ಇಟಾಲಿಕ್ ಬಟನ್ನಿನ ಮೇಲೆ.

ಹೆಡ್ಡಿಂಗಿಗೆ ದಪ್ಪ ಫಾಂಟ್ ಹಾಕುತ್ತೇವೆ, ಇನ್ನೂ ಸ್ವಲ್ಪ ಬಿರುಸು ಬೇಕು ಅನ್ನಿಸುತ್ತದೆ, ಬಟನ್ ಒತ್ತುತ್ತೇವೆ. ಆ ಫಾಂಟಿಗೆ ಇಟಾಲಿಕ್ ಇಲ್ಲದಿದ್ದರೂ ಎಷ್ಟೋ ಸಾಫ್ಟ್‌ವೇರ್‌ಗಳು ಬಾಯಿಬಿಟ್ಟು ಹೇಳುವುದಿಲ್ಲ. ನೆಟ್ಟಗಿದ್ದ ಅಕ್ಷರವನ್ನೇ ಕುತ್ತಿಗೆ ಹಿಡಿದು ಬಲಕ್ಕೆ ತಳ್ಳಿಬಿಡುತ್ತವೆ. 12 ಪಾಯಿಂಟಿನಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಒಮ್ಮೆ ಆಳೆತ್ತರದ ಪೋಸ್ಟರ್ ಪ್ರಿಂಟಾಗಿ ಬಂತು ನೋಡಿ, ಇಂಗ್ಲಿಷಿನ ಓ ಅಕ್ಷರ ಹಲ್ಲುನೋವಿನವರ ಕೆನ್ನೆಯ ಹಾಗೆ ಒಂದೇ ಕಡೆ ಊದಿಕೊಂಡಿತ್ತು!

ಲೆಕ್ಕ ಸರಳ. ಉಂಗುರವನ್ನು ಓರೆ ಮಾಡಿದರೆ ಬಲಮೇಲೆ, ಎಡಕೆಳಗೆ ಗೆರೆ ದಪ್ಪವಾಗುತ್ತದೆ, ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ನೆಟ್ಟಗಿನ ಕಂಬಗಳೂ 12 ಡಿಗ್ರಿ ಓರೆಗೆ ಶೇಕಡಾ 2ರಷ್ಟು ತೆಳುವಾಗುತ್ತವೆ, ಅಡ್ಡಪಟ್ಟಿಗಳು ಮಾತ್ರ ಇದ್ದಷ್ಟೇ ಇರುತ್ತವೆ. ತೆಳು ಅಕ್ಷರದಲ್ಲಿ ಇದು ಹೇಗೋ ಮುಚ್ಚಿಹೋಗುತ್ತದೆ. ಬೋಲ್ಡ್‌ನಲ್ಲಿ, ಅದೂ ದೊಡ್ಡ ಸೈಜಿನಲ್ಲಿ, ಎಲ್ಲ ಬಯಲಿಗೆ. ಒಳ್ಳೆಯ ಫಾಂಟ್ ಮಾಡುವವರು ಪ್ರತಿ ತಿರುವನ್ನೂ ಮತ್ತೆ ತಿದ್ದುವುದು ಇದಕ್ಕೇ.

ಅಸಲಿಗೆ ಇಟಾಲಿಕ್, ಸ್ಯಾನ್ಸ್ ಸೆರಿಫ್ ಜೋಡಿ ಒಂದೇ ಮನೆಯದಲ್ಲ. ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ಸಣ್ಣ ಆಕಾರದ ಪುಸ್ತಕಗಳಿಗೆ ಇಟಾಲಿಕ್ ಬಳಸಿದ; ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅದು ಕೈಬರಹದ ಮಗು, ಯಾರನ್ನೂ ಓರೆ ಮಾಡಿ ಹುಟ್ಟಿಸಿದ್ದಲ್ಲ. (ಆಗ ದೊಡ್ಡಕ್ಷರಗಳು, ಅಂದರೆ ಕ್ಯಾಪಿಟಲ್‌ಗಳು, ನೆಟ್ಟಗೇ ನಿಂತಿದ್ದವು!) ಸ್ಯಾನ್ಸ್ ಸೆರಿಫ್ ಮೊಳೆ ಲಂಡನ್ನಿನಲ್ಲಿ ಬಂದದ್ದು 1816ರ ಹೊತ್ತಿಗೆ, ಅದೂ ಬರೀ ದೊಡ್ಡಕ್ಷರಗಳಲ್ಲಿ. ಹಾಗಾಗಿ ಸ್ಯಾನ್ಸ್‌ಗೆ ಇಟಾಲಿಕ್ ಅಂದರೆ ಏನು ಅನ್ನುವುದರಲ್ಲೇ ಎರಡು ಪಂಗಡ. ಗಿಲ್ ಸ್ಯಾನ್ಸ್ ಅನ್ನುವ ಫಾಂಟಿನ ಇಟಾಲಿಕ್‌ನಲ್ಲಿ ಇಂಗ್ಲಿಷಿನ ಸಣ್ಣ ಎ ಕೈಬರಹದ ರೂಪಕ್ಕೆ ತಿರುಗುತ್ತದೆ. ಫ್ಯೂಚುರಾ, ಹೆಲ್ವೆಟಿಕಾ ಫಾಂಟುಗಳು ಓರೆಯಾಗುತ್ತವೆ, ರೂಪ ಬಿಡುವುದಿಲ್ಲ.

ಪುಸ್ತಕದ ಒಳಗಾದರೆ ನನ್ನ ವೋಟು ಗಿಲ್ ಕಡೆಗೆ. ಆದರೆ ದಪ್ಪ ಹೆಡ್ಡಿಂಗಿಗೆ ನಾನು ಓರೆ ಪಂಗಡದವನು. ಅಷ್ಟು ತೂಕ ಹೊತ್ತ ಅಕ್ಷರಕ್ಕೆ ಕೈಬರಹದ ಒಯ್ಯಾರ ಒಗ್ಗುವುದಿಲ್ಲ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿ ಫ್ಯೂಚುರಾ ಬೋಲ್ಡ್ ಆಬ್ಲೀಕ್ (ಅದರ ದಪ್ಪ, ಓರೆ ರೂಪ) ಹಾಕಿದ್ದನ್ನು ನೋಡಿ. ಓರೆ ಅಂದರೆ ವೇಗ ಅನ್ನುತ್ತಾರಲ್ಲ, ಅಲ್ಲಿ ಓಡುವುದು ಏನೂ ಇಲ್ಲ. ಮುಂದಕ್ಕೆ ಬಾಗಿ ಮುಖಕ್ಕೇ ಬೆರಳು ತೋರಿಸಿದ ಹಾಗಿದೆ.

ಕನ್ನಡಕ್ಕೆ ಬಂದರೆ ಬಟನ್ನಿನ ಉಪಟಳ ಇಮ್ಮಡಿ. ನಮ್ಮ ಲಿಪಿಗೆ ಇಟಾಲಿಕ್ ಪರಂಪರೆಯಿಲ್ಲ, ಅಕ್ಷರಗಳೋ ಮೊದಲೇ ದುಂಡು. ತಳ್ಳಿದೊಡನೆ ತಲಕಟ್ಟು ಬಲಕ್ಕೆ, ಒತ್ತಕ್ಷರ ಎಡಕ್ಕೆ. ‘ರಾಷ್ಟ್ರ’ ಅಂತ ಬರೆದು ಓರೆ ಮಾಡಿ ನೋಡಿ, ಷಕಾರದ ಕೆಳಗಿನ ಒತ್ತುಗಳು ಪಕ್ಕದ ರಾಕಾರದ ಕಡೆ ಜಾರುತ್ತವೆ. ಬೇಕೇ ಬೇಕಾದರೆ ನಾನು ಅಕ್ಷರವನ್ನು ಔಟ್‌ಲೈನ್ ಮಾಡಿಕೊಂಡು (ಅಂದರೆ ಫಾಂಟಿನಿಂದ ಬಿಡಿಸಿ ಬರೀ ಚಿತ್ರದ ಗೆರೆಗಳಾಗಿಸಿಕೊಂಡು) ಒತ್ತುಗಳನ್ನು ಒಂದೊಂದಾಗಿ ಬಲಕ್ಕೆಳೆದು ಕೂರಿಸುತ್ತೇನೆ. ನಾಲ್ಕು ಪದಕ್ಕೆ ಅರ್ಧ ಗಂಟೆ ಹೋಗುತ್ತದೆ.