ಲೇಡೀಸ್ ಬ್ಯಾಚು

ಮಂಡಿ ಸವೆದಿದೆ, ಕುಂದುವಾಡ ಕೆರೆ ಸುತ್ತೋದು ಬಿಟ್ಟು ಈಜಿಗೆ ಹೋಗ್ರಿ ಎಂದರು ಡಾಕ್ಟರು. ಕುತ್ತಿಗೆಮಟ್ಟ ನೀರಲ್ಲಿ ನಿಂತರೆ ಮೈಭಾರದ ಹತ್ತರಲ್ಲೊಂದು ಪಾಲಷ್ಟೇ ಕಾಲಿನ ಮೇಲೆ ಬೀಳುತ್ತದಂತೆ. ಅಂದರೆ 80 ಕೆಜಿಯ ನಾನು 8 ಕೆಜಿ! ಆ ಲೆಕ್ಕ ಕೇಳಿಯೇ ಅರ್ಧ ನೋವು ಇಳಿಯಿತು.

ಚೌಕಿಪೇಟೆಯಲ್ಲಿ ಜವಳಿಗೇನು ಬರ? ಆದರೆ ಈಜುಡುಪು ಎಂದೊಡನೆ ಅಂಗಡಿ ಹುಡುಗ, "ಎಷ್ಟು ವರ್ಷದ ಪಾಪುಗೆ ಅಕ್ಕೋರೆ?" ಎಂದ. ನನಗೇ ಕಣಪ್ಪಾ ಎಂದದ್ದಕ್ಕೆ ಮಾಲೀಕರನ್ನು ಕರೆದ. ಅವರು ಫ್ಯಾನು ನೋಡುತ್ತಾ "ಸ್ಟಾಕಿಲ್ಲ" ಎಂದರು. ಕೊನೆಗೆ ಮಗಳು ಮೊಬೈಲಲ್ಲೇ ತರಿಸಿಕೊಟ್ಟಳು, ತೋಳು ತುಂಬ, ಮಂಡಿವರೆಗೆ ನೈಲಾನು. ಹಾಕಿಕೊಳ್ಳೋದೆಂದರೆ ಲೋಡಿಗೆ ತಲೆದಿಂಬಿನ ಗವಸು ತೊಡಿಸಿದಂತೆ. ಹಳೇ ಚೂಡಿದಾರದಲ್ಲೇ ಇಳಿಯೋಣವೆಂದರೆ ಕಾಟನ್‌ಗೆ ಪ್ರವೇಶವಿಲ್ಲ. ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ಬ್ಯಾಚು ನೀರಿಗಿಳಿದಾಗ ಏಣಿಯ ಸ್ಟೀಲ್ ಕಂಬಿ ನೋಡಬೇಕು. ಮೆರೂನು, ಕೆಂಪು, ಕಲ್ಲಿನದು ಎಂದು ಬೊಟ್ಟುಗಳ ಸಾಲು. ತೊಳೆದುಹೋಗಬಾರದೆಂದು ಹಣೆಯಿಂದ ಕಿತ್ತು ಅಲ್ಲಿ ಅಂಟಿಸಿ ಇಳಿಯುತ್ತೇವೆ. ಮೇಲೆ ಬಂದಮೇಲೆ ಯಾವುದು ಯಾರದೆಂಬ ತಕರಾರು. ಒಮ್ಮೆ ಯಾರದೋ ಥಳಥಳ ಕಲ್ಲಿನ ಬೊಟ್ಟಿಟ್ಟುಕೊಂಡು ಮನೆಗೆ ಹೋದೆ. ಬಾಗಿಲಲ್ಲೇ ಅತ್ತೆ, "ಈಜಾಕೆ ಹೋಗಿದ್ದೋ, ಯಾರದಾದ್ರೂ ಮದುವಿಗೆ ಹೋಗಿದ್ದೋ?" ಎಂದರು. ಇನ್ನು ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಬರುವವರ ರಬ್ಬರ್ ಟೋಪಿ, ಅದರ ಮಾತು ಬೇಡ. ಜಾರಿ ಚಿಮ್ಮಿದ್ದು ಎಲ್ಲಿ ಬೀಳುತ್ತದೋ ಗೊತ್ತಿಲ್ಲ.

ಕೋಚ್ ನನ್ನ ಮಗಳಿಗಿಂತ ಚಿಕ್ಕವಳು. "ಆಂಟೀ, ಉಸುರು ನೀರೊಳಗೇ ಬಿಡ್ರಿ!" ಎಂದು ಸೀಟಿ ಊದುತ್ತಾಳೆ. ನಾನೋ ಒಳಗೆ ಬಿಗಿಹಿಡಿದು, ತಲೆ ಎತ್ತಿದ ಅರೆಗಳಿಗೆಯಲ್ಲಿ ಬಿಡೋದು, ಎಳೆಯೋದು ಎರಡೂ ಮುಗಿಸಲು ಹೋಗಿ ನೀರು ಕುಡಿಯುತ್ತಿದ್ದೆ. ಕಣ್ಣು ಉರಿಯೋದು ಬರೀ ಕ್ಲೋರಿನ್ನಿನಿಂದಲ್ಲ, ಅದು ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೀನಿನಿಂದ ಎಂದು ಅವಳು ಹೇಳಿದ ದಿನ ಇಡೀ ಬ್ಯಾಚು ಮುಖ ಮುಖ ನೋಡಿಕೊಂಡಿತು. ಅವತ್ತಿನಿಂದ ಉಸಿರು ಬಿಡೋದು ಚೆನ್ನಾಗಿ ಬಂತು.

ತೇಲುವ ಪಾಠದಲ್ಲಿ ಮಾತ್ರ ನನ್ನ ಕಾಲ ಬಂತು. ಜಿಮ್ಮಿಗೆ ಹೋಗಿ ಕಡ್ಡಿಯಾದ ಪಕ್ಕದ ಮನೆ ಸೊಸೆ ಅಂಗಾತ ಮಲಗಿದರೆ ಕಾಲು ಸೀದಾ ತಳಕ್ಕೆ. ನಾನು ಮಲಗಿದೆ, ಮಲಗಿಯೇ ಇದ್ದೆ. ಮಾಂಸಖಂಡ ನೀರಿಗಿಂತ ಭಾರ, ಕೊಬ್ಬು ಹಗುರ. "ನೋಡ್ರಿ, ಆಂಟಿ ಹಂಗೆ ತೇಲಬೇಕು" ಎಂದು ಕೋಚ್ ಎಲ್ಲರಿಗೂ ತೋರಿಸಿದಳು. ಮದುವೆ ಫೋಟೋದಲ್ಲೂ ಹಿಂದಿನ ಸಾಲು ಹುಡುಕಿ ನಿಲ್ಲುವ ನನಗೆ ನೀರಲ್ಲಿ ಮಲಗಿ ಮಾದರಿಯಾದದ್ದು ತಲೆಗೇರಿತು. ಹರಿಹರದ ಹೊಳೆ ದಂಡೆಯಲ್ಲಿ ಬೆಳೆದವಳು ನಾನು. ತಮ್ಮಂದಿರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತುಂಗಭದ್ರೆಗೆ ಹಾರುವಾಗ ಮೇಲೆ ಕೂತು ಅವರ ಚಡ್ಡಿ ಕಾಯೋದು ನನ್ನ ಪಾಲಿನ ಕೆಲಸ. ಈಗ ಆಳದ ಕಡೆಗೂ ಹೋಗಿ ಬರುತ್ತೇನೆ. ವಿಡಿಯೋ ಕಳಿಸಿದರೆ ಇಬ್ಬರೂ ಬರೀ ಹೆಬ್ಬೆರಳು ಒತ್ತಿ ಸುಮ್ಮನಾದರು.

ತೂಕ ಇಳಿದಿಲ್ಲ. ತಣ್ಣೀರಲ್ಲಿ ಈಜಿದರೆ ಹಸಿವು ಹೆಚ್ಚು. ಈಜಿ ಹೊರಬಿದ್ದರೆ ದಾವಣಗೆರೆಯಲ್ಲಿ ಮೂಗಿಗೆ ಬಡಿಯೋದೇನು ಎಂದು ಬೇರೆ ಹೇಳಬೇಕೆ? ಬಿಸಿ ಕಾವಲಿಯ ಮೇಲೆ ಗರಿಗರಿಯಾಗುತ್ತಿರುವ ದೋಸೆ, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ. ಒಂದು ಬೆಣ್ಣೆ, ಒಂದು ಖಾಲಿ ಹೇಳಿಬಿಡುತ್ತೇನೆ. ಖಾಲಿ ಹೇಳೋದು ಡಯಟ್ಟಿಗೆ.

ಆದರೆ ಮಂಡಿ ಬೇರೆಯೇ ಮಾತಾಡುತ್ತಿದೆ. ಮೊನ್ನೆ ಚಿತ್ರದುರ್ಗದ ಕೋಟೆ ಹತ್ತಿದೆವು. ಓಬವ್ವನ ಕಿಂಡಿ ಮುಂದೆ ನಿಂತು ನಮ್ಮ ಯಜಮಾನರು, "ಹೈದರಾಲಿ ನಿನ್ನನ್ನೇ ಮೊದಲು ನುಗ್ಗಿಸಿದ್ರೆ ಓಬವ್ವಗೆ ಒನಕೆನೇ ಬೇಕಿರಲಿಲ್ಲ, ಕಿಂಡಿ ತಾನೇ ಬಂದಾಗ್ತಿತ್ತು" ಎಂದು ಸುತ್ತಲಿನವರನ್ನೆಲ್ಲ ನಗಿಸಿದರು. ನಾನೂ ನಕ್ಕೆ. ಮುಂದೆ ಏಕನಾಥೇಶ್ವರಿ ಗುಡಿ ಮೆಟ್ಟಿಲಲ್ಲಿ ಅವರು ಏದುಸಿರು ಬಿಡುತ್ತಾ ಕುಕ್ಕರುಗಾಲಲ್ಲಿ ಕೂತಾಗ ಕೆಳಗಿಳಿದು ನೀರಿನ ಬಾಟಲಿ ತಂದುಕೊಟ್ಟವಳು ನಾನೇ. ಜೆಂಟ್ಸ್ ಬ್ಯಾಚು ಬೆಳಿಗ್ಗೆ ಐದೂವರೆಗೆ ಎಂಬುದನ್ನೂ ಅಲ್ಲೇ ತಿಳಿಸಿದೆ.