ತಪ್ಪಿಗೆ ತಿಂಗಳ ಬಾಡಿಗೆ

ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್ 19ರಿಂದ ಮನ್ನಾ ಮಾಡಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದು ಹೇಳಿ, ಆಮೇಲೆ ಡಿಸೆಂಬರ್ ಕೊನೆಯವರೆಗೆ ಎಳೆದದ್ದರಿಂದ, ರಾಯಚೂರಿನ ರೈತ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ಹೊತ್ತಿಗೆ ಸರಿಯಾಗಿ ಅಮೆರಿಕದ ಹತ್ತಿಗೂ ಬಾಗಿಲು ತೆರೆದಿತ್ತು. ಅತಿಥಿ ಸತ್ಕಾರದಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಆದರೂ ಬಂದ ಅತಿಥಿಯ ಕುಲಗೋತ್ರ ವಿಚಾರಿಸುವುದರಲ್ಲಿ ತಪ್ಪೇನೂ ಇಲ್ಲ.

ಅಮೆರಿಕದ ಈ ಹತ್ತಿ ಬಹಳ ಅಕ್ಕರೆಯಿಂದ ಬೆಳೆದದ್ದು. ಬೆಲೆ ಕುಸಿದರೆ ಬೆಳೆಗಾರನಿಗೆ ಅಲ್ಲಿನ ಸರ್ಕಾರದ ಹಣ, ಬೆಳೆವಿಮೆಯ ಕಂತಿಗೂ ಸರ್ಕಾರದ ಹಣ. ಅಷ್ಟು ಸಾಲದೆಂದು, ತಮ್ಮ ಹತ್ತಿ ಹೊರಗಿನದಕ್ಕಿಂತ ದುಬಾರಿಯಾದಾಗ ಅದನ್ನೇ ಕೊಂಡ ಉಪಕಾರಕ್ಕಾಗಿ ಗಿರಣಿಗಳಿಗೂ ರಫ್ತುದಾರರಿಗೂ 2006ರವರೆಗೆ ಸರ್ಕಾರವೇ ಹಣ ಕೊಡುತ್ತಿತ್ತು. ಮುಕ್ತ ಮಾರುಕಟ್ಟೆಯ ಪಾಠವನ್ನು ಲೋಕಕ್ಕೆಲ್ಲ ಹೇಳಿಕೊಟ್ಟ ದೇಶ ಅದು.

ಈ ಸಬ್ಸಿಡಿಗಳ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. ಮೇಲ್ಮನವಿಯಲ್ಲೂ 2005ರಲ್ಲಿ ಗೆದ್ದಿತು. ಸೋತವರಿಗೆ ಇರುವುದು ಎರಡು ದಾರಿ: ಸಬ್ಸಿಡಿಯನ್ನು ಸರಿಪಡಿಸಬೇಕು, ಇಲ್ಲವೇ ಗೆದ್ದವರು ಹೇರುವ ಪ್ರತೀಕಾರದ ಸುಂಕವನ್ನು ಸಹಿಸಬೇಕು. ಅಮೆರಿಕ ಮೂರನೆಯ ದಾರಿಯೊಂದನ್ನು ಕಂಡುಹಿಡಿಯಿತು. 2010ರ ಒಪ್ಪಂದದಂತೆ ಬ್ರೆಜಿಲ್‌ನ ಹತ್ತಿ ಸಂಸ್ಥೆಗೆ ವರ್ಷಕ್ಕೆ 14.73 ಕೋಟಿ ಡಾಲರನ್ನು ತಿಂಗಳ ಕಂತುಗಳಲ್ಲಿ ಕೊಡತೊಡಗಿತು. ತನ್ನ ರೈತರಿಗೆ ಕೊಡುವುದನ್ನು ನಿಲ್ಲಿಸದಿರುವ ಸಲುವಾಗಿ ಪರದೇಶದ ರೈತರಿಗೂ ಕೊಡುವ ಈ ವ್ಯವಸ್ಥೆಯಲ್ಲಿ, ತಪ್ಪು ಖಾಲಿ ಮಾಡಬೇಕಾದ ಮನೆಯಲ್ಲ, ಬಾಡಿಗೆ ಕಟ್ಟಿಕೊಂಡು ಹಾಯಾಗಿ ಇರಬಹುದಾದ ಮನೆ. 2013ರ ಅಕ್ಟೋಬರಿನಲ್ಲಿ ಬಾಡಿಗೆ ನಿಂತುಹೋದಾಗ ಬ್ರೆಜಿಲ್ ಕಣ್ಣು ಕೆಂಪಗೆ ಮಾಡಿತು. ಮರುವರ್ಷ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯವನ್ನೇ ಮುಗಿಸಲಾಯಿತು.

ಕಣ್ಣು ಕೆಂಪಗೆ ಮಾಡುವ ಶಕ್ತಿಯಿಲ್ಲದವರ ಕಥೆ ಬೇರೆ. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ನಾಲ್ಕು ಬಡ ದೇಶಗಳು 2003ರಲ್ಲಿ, ನಮಗೆ ದಾನ ಬೇಡ, ನಿಮ್ಮ ಸಬ್ಸಿಡಿ ನಿಲ್ಲಿಸಿದರೆ ಸಾಕು ಎಂಬ ಬೇಡಿಕೆ ಇಟ್ಟವು. ವಿಶ್ವ ವ್ಯಾಪಾರ ಸಂಸ್ಥೆಯ ಕ್ಯಾಂಕುನ್ ಸಮ್ಮೇಳನದ ಕರಡು ಅವರಿಗೆ ಕೊಟ್ಟ ಉತ್ತರದಲ್ಲಿ, ಹತ್ತಿಯನ್ನೇ ನೆಚ್ಚಿಕೊಂಡ ದೇಶಗಳು ಆರ್ಥಿಕತೆಯನ್ನು ವೈವಿಧ್ಯಗೊಳಿಸಿಕೊಳ್ಳಲು ನೆರವಾಗಬೇಕು ಎಂಬ ಹಿತವಚನವಿತ್ತು. ಬೆಲೆ ಬೀಳಿಸಿದವರು ಬೆಳೆಯುತ್ತಲೇ ಇರಲಿ, ಬಿದ್ದವರು ಬೇರೆ ಕಸುಬು ನೋಡಿಕೊಳ್ಳಲಿ ಎಂಬುದನ್ನು ಇಷ್ಟು ನಯವಾಗಿ ಬರೆಯಲು ರಾಜತಾಂತ್ರಿಕರಿಂದ ಮಾತ್ರ ಸಾಧ್ಯ.

ಇದೇ ಅಮೆರಿಕ 2018ರ ನವೆಂಬರಿನಲ್ಲಿ ಜಿನೀವಾದಲ್ಲಿರುವ ಅದೇ ಸಂಸ್ಥೆಯಲ್ಲಿ ನಮ್ಮ ಮೇಲೆ ದೂರು ಹೇಳಿತು. ಭಾರತ ಹತ್ತಿಗೆ ಕೊಡುವ ಬೆಂಬಲ ಬೆಲೆ ಮಿತಿ ಮೀರಿದೆಯಂತೆ. ಉತ್ಪನ್ನದ ಮೌಲ್ಯದ ಶೇ 10ರೊಳಗೆ ಇರಬೇಕಾದದ್ದು ಶೇ 50ನ್ನೂ ದಾಟಿದೆಯಂತೆ. ಈ ಅಂಕಿ ಬಂದ ಬಗೆಯನ್ನು ನೋಡಿದರೆ ನಗುವುದೂ ಕಷ್ಟ. ಬೆಂಬಲ ಬೆಲೆಯ ಹೋಲಿಕೆಗೆ ಹಿಡಿದದ್ದು 1986–88ರ ಬೆಲೆಯನ್ನು. ಎರಡರ ವ್ಯತ್ಯಾಸವನ್ನು ಗುಣಿಸಿದ್ದು ಸರ್ಕಾರ ನಿಜವಾಗಿ ಕೊಂಡ ಹತ್ತಿಯಿಂದಲ್ಲ, ದೇಶದಲ್ಲಿ ಬೆಳೆದ ಅಷ್ಟೂ ಹತ್ತಿಯಿಂದ.

ಆ ಅಷ್ಟೂ ಹತ್ತಿಯಲ್ಲಿ ಖರೀದಿ ಕೇಂದ್ರದಿಂದ ವಾಪಸಾದ ಗಾಡಿಗಳೂ ಇವೆ. ತೇವಾಂಶ ಶೇ 8ಕ್ಕಿಂತ ಮೇಲೇರಿದಂತೆ ದರ ಕಡಿತ, ಶೇ 12 ದಾಟಿದರೆ ಮಾಲೇ ಬೇಡ. ಮಳೆ ಹಿಡಿದ ವರ್ಷ ಆ ಮಾಲನ್ನು ರೈತ ವ್ಯಾಪಾರಿ ಹೇಳಿದ ಬೆಲೆಗೆ ಸುರಿದು, ಬಾಡಿಗೆ ಟ್ರ್ಯಾಕ್ಟರಿನ ಲೆಕ್ಕ ಚುಕ್ತಾ ಮಾಡಿ ಊರಿಗೆ ಹೋಗುತ್ತಾನೆ. ಸರ್ಕಾರ ಮುಟ್ಟಿಯೂ ನೋಡದ ಆ ಹತ್ತಿಗೆ ಸಹ ಅವನು ಸಬ್ಸಿಡಿ ಪಡೆದಿದ್ದಾನೆಂದು ವಾಷಿಂಗ್ಟನ್ನಿನ ಲೆಕ್ಕ ಹೇಳುತ್ತದೆ. ಆ ಹಣ ಯಾವ ಖಾತೆಗೆ ಜಮೆಯಾಯಿತು ಎಂಬುದನ್ನೂ ದೂರಿನಲ್ಲಿ ಬರೆದಿದ್ದರೆ, ಅವನು ಪಾಸ್‌ಬುಕ್ ಹಿಡಿದು ಹೋಗಿ ಕೇಳಬಹುದಿತ್ತು.